ಬಿರಡೆ ತೆಗೆಯದೆ ಕೇಳಿದ್ದು

"ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸ್ ಹಾಕ್ಕೊಂಡಿದೀಯ," ಎಂದೆ.

ಕರಿಯ ಪರದೆಯ ಹಿಂದೆ ಎಮಿಲ್ ನಕ್ಕ. ಪರದೆ ನೆಲ ಮುಟ್ಟುತ್ತಿರಲಿಲ್ಲ. ಅವನ ಪಾದಗಳಷ್ಟೇ ಕಾಣುತ್ತಿದ್ದವು, ಒಂದು ನೀಲಿ, ಒಂದು ಬೂದು.

"ಕಣ್ಣು ಮುಚ್ಕೊ ಕೊರಿನ್. ನಿನ್ನ ಕರೆದಿದ್ದು ಕೇಳೋಕೆ, ನೋಡೋಕಲ್ಲ."

"ಕಿವಿ ಕೇಳ್ತಾ ಇರ್ಲಿ. ಕಣ್ಣು ಪಾಪ, ಸುಮ್ನೆ ಏನು ಮಾಡುತ್ತೆ?"

"ಮೊದ್ಲು ಕೆಲಸ. ಆಮೇಲೆ ಎಷ್ಟು ಬೇಕಾದ್ರೂ ನೋಡ್ಕೊ."

ಕೆನ್ನೆ ಬಿಸಿಯಾಯಿತು. ಅದರಲ್ಲಿ ಅರ್ಧ ನಾಚಿಕೆ. ಇನ್ನರ್ಧ ಹೇಸಿಗೆ, ನನ್ನ ಮೇಲೆಯೇ.

ಮಿಲ್ವಾಕಿ ನಗರದಲ್ಲಿ ಎಮಿಲ್ ಒಬ್ಬನೇ ಕೂತು, ಬ್ರೆಡ್ ಡಬ್ಬಿಯಷ್ಟು ಪುಟ್ಟ ವೈರ್‌ಲೆಸ್ ಸ್ಪೀಕರ್ ಮಾಡುತ್ತಾನೆ. ನಾನು ಪತ್ರಿಕೆಯೊಂದಕ್ಕೆ ಸ್ಪೀಕರುಗಳ ವಿಮರ್ಶೆ ಬರೆಯುವವಳು. ಹೋದ ವರ್ಷ ಅವನ ಮೊದಲ ಸ್ಪೀಕರಿನ ಬಗ್ಗೆ, "ಡಬ್ಬಿ ಚೆಂದ, ಆದರೆ ಮೂಗು ಕಟ್ಟಿದೆ. ತಗ್ಗಿನ ಸ್ವರಗಳು ಹೊರಗೇ ಬರುವುದಿಲ್ಲ" ಎಂದು ಬರೆದಿದ್ದೆ. ಓದಿದವರು ನಕ್ಕರು. ಕೊಳ್ಳುವವರು ಹಿಂದೆ ಸರಿದರು.

ಪತ್ರಿಕೆ ಅಚ್ಚಾದ ಮೇಲೆ, ಸ್ಪೀಕರನ್ನು ವಾಪಸ್ ಕಳಿಸಲು ಪ್ಯಾಕ್ ಮಾಡುವಾಗ ನೋಡಿದೆ. ಅದರ ಬೆನ್ನಿನಲ್ಲಿ ಗಾಳಿಯಾಡುವ ತೂತಿಗೆ ಸ್ಪಂಜಿನ ಬಿರಡೆ. ಸಾಗಣೆಯಲ್ಲಿ ಧೂಳು ಹೋಗದಿರಲೆಂದು ತುರುಕಿದ್ದು. ಅದಕ್ಕೊಂದು ಕೆಂಪು ಚೀಟಿ: "ಕೇಳುವ ಮುನ್ನ ತೆಗೆಯಿರಿ."

ತೆಗೆದು ಕೇಳಿದೆ. ಆಳೆತ್ತರದ ಪಿಟೀಲಿನ ದಪ್ಪ ತಂತಿ ನನ್ನ ಅಡುಗೆಮನೆಯಲ್ಲೇ ಮಿಡಿಯಿತು. ನಿಂತಲ್ಲೇ ಅತ್ತುಬಿಟ್ಟೆ. ಆಮೇಲೆ ಸ್ಪೀಕರನ್ನು ಪೆಟ್ಟಿಗೆಗೆ ಹಾಕಿದೆ, ಬಿರಡೆಯನ್ನು ಕೈಚೀಲಕ್ಕೆ.

ಬೇರೆ ಯಾರಾದರೂ ಆಗಿದ್ದರೆ ಬೈದು ಬರೆಯುತ್ತಿದ್ದರು. ಎಮಿಲ್, "ಏನು ಸರಿ ಮಾಡಲಿ, ಹೇಳಿ" ಎಂದು ಬರೆದ. ಪತ್ರ ಹೋಗಿ ಫೋನಾಯಿತು, ಫೋನು ಹೋಗಿ ಶುಕ್ರವಾರದ ಮೀನೂಟವಾಯಿತು. ಪ್ರತಿ ಶುಕ್ರವಾರವೂ ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೋಗುತ್ತಿದ್ದೆ. ಅವನು ತನ್ನ ಮೀನಿನ ಗರಿಗರಿ ಅಂಚು ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದ. ನಾನು ಅದನ್ನು ತಿಂದು ಸುಮ್ಮನಾಗುತ್ತಿದ್ದೆ.

"ಇದು ಒಂದನೇದು," ಎಂದ ಎಮಿಲ್ ಪರದೆಯ ಹಿಂದಿನಿಂದ. ಅಲ್ಲಿ ಎರಡು ಸ್ಪೀಕರ್ ಇದ್ದವು, ಯಾವುದು ಯಾವುದೆಂದು ತಿಳಿಯದೆ ನಾನು ಕೇಳಿ ಹೇಳಬೇಕಿತ್ತು.

ದಪ್ಪ ತಂತಿ ಮಿಡಿಯಿತು, ಮೇಲೆ ಹೆಣ್ಣುದನಿ ತೇಲಿತು. ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು.

"ಇದು ಎರಡನೇದು."

ಅದೇ ಹಾಡು. ಆದರೆ ಪಕ್ಕದ ಮನೆಯವರು ಬಾಗಿಲು ಗುದ್ದುತ್ತಿರುವ ಹಾಗೆ ಬರೀ ಧಿಮಿಧಿಮಿ. ಹೆಣ್ಣುದನಿ ಅದರಡಿ ಹೂತುಹೋಗಿತ್ತು.

"ಒಂದನೇದು ಚೆನ್ನಾಗಿದೆ," ಎಂದೆ.

ಪಾದಗಳು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಪರದೆ ಸರಿಸಿ ಹೊರಗೆ ಬಂದ.

"ಒಂದನೇದು ಹಳೇದು, ನೀನು ಬೈದಿದ್ದೇ. ಇನ್ನೊಂದನ್ನ ವರ್ಷವಿಡೀ ಕೂತು ಮಾಡ್ದೆ, ನೀನು ಬರೆದಿದ್ದನ್ನ ಗೋಡೆಗೆ ಅಂಟಿಸ್ಕೊಂಡು. ಸೋಮವಾರದಿಂದ ಹಳೇದು ಮಾಡೋದೇ ನಿಲ್ಲಿಸ್ತಿದೀನಿ."

"ಎಮಿಲ್..."

"ನನಗೂ ಹಳೇದೇ ಚೆನ್ನಾಗಿ ಕೇಳ್ಸೋದು. ನನ್ನ ಕಿವೀನೇ ಹೋಯ್ತೇನೋ ಅಂತ ಡಾಕ್ಟರಿಗೆ ತೋರಿಸ್ಕೊಂಡು ಬಂದೆ, ಗೊತ್ತಾ? ಯಾಕಂದ್ರೆ ನಿನ್ನ ಕಿವಿ ಸುಳ್ಳು ಹೇಳಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ತಾನಾಗಿ ಕೈಚೀಲಕ್ಕೆ ಹೋಯಿತು. ಬಿರಡೆ ತೆಗೆದು ಅವನ ಅಂಗೈಯಲ್ಲಿಟ್ಟೆ. ತಲೆ ಎತ್ತಲಾಗಲಿಲ್ಲ.

"ಇದನ್ನ ತೆಗೀದೇ ಕೇಳಿ ಬರೆದೆ. ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ."

ಅವನು ಅದನ್ನು ತಿರುಗಿಸಿ ನೋಡಿದ. "ಈ ಕೆಂಪು ಚೀಟಿ ನಾನೇ ಕತ್ತರಿಸಿದ್ದು." ಆಮೇಲೆ ಕೇಳಿದ, "ಮೀನು ತಿಂತಾ ಕೂತಿದ್ವಲ್ಲ, ಆವಾಗ್ಲೂ ಇದು ಬ್ಯಾಗಲ್ಲೇ ಇತ್ತಾ?"

"ಇತ್ತು. ಪ್ರತಿ ಶುಕ್ರವಾರ."

"ಎಸೆದಿದ್ರೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ ನನಗೆ."

"ಎಸೆಯೋಕೆ ಮನಸ್ಸು ಬರ್ಲಿಲ್ಲ. ಹೇಳಿದ್ರೆ ನೀನು ಹೋಗ್ಬಿಡ್ತೀಯ ಅಂತ ಹೇಳೋಕೂ ಆಗ್ಲಿಲ್ಲ. ನಿನ್ನ ಪ್ರೀತಿಸ್ತೀನಿ. ಪ್ರೀತಿಸೋಳು ಮಾಡೋ ಕೆಲಸ ಅಲ್ಲ ಇದು, ಅದೂ ಗೊತ್ತು."

ನಾನು ಕೋಟು ಎತ್ತಿಕೊಂಡೆ.

"ಎಲ್ಲಿಗೆ?"

"ತಪ್ಪೊಪ್ಪಿಗೆ ಬರೆಯೋಕೆ. ಮುಂದಿನ ಸಂಚಿಕೆಗೆ, ನನ್ನ ಹೆಸರು ಹಾಕಿ."

"ಜನ ನಗ್ತಾರೆ. ಆಮೇಲೆ ನಿನ್ನ ಕಿವೀನ ಯಾರೂ ನಂಬಲ್ಲ."

"ನಗ್ಲಿ. ನೀನು ನಂಬ್ತೀಯಾ?"

ಅವನು ಬಿರಡೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ನೀಲಿ ಸಾಕ್ಸಿನ ಕಾಲಿನಿಂದ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದ.

"ಇಲ್ಲೇ ಕೂತು ಬರಿ. ಈ ಸಲ ಸರಿಯಾಗಿ ಕೇಳಿ ಬರಿ."

ಹಳೆಯ ಸ್ಪೀಕರ್ ಮತ್ತೆ ಹಾಡಿತು. "ಮೂಗು ಕಟ್ಟಿದ್ದು ಸ್ಪೀಕರಿಗಲ್ಲ, ಬಿರಡೆ ತೆಗೆಯದೆ ಬರೆದವಳು ನಾನು" ಎಂದು ಮೊದಲ ಸಾಲು ಬರೆದೆ. ಅಕ್ಷರ ಮಂಜಾಯಿತು. ಅವನು ಹಿಂದಿನಿಂದ ಬಾಗಿ ಓದಿದ.

"ಶುಕ್ರವಾರ ಬರ್ತೀಯಾ?" ಎಂದ.

"ಕರೀತೀಯಾ?"

"ಬಾ. ಆದ್ರೆ ಈ ವಾರ ಗರಿಗರಿ ಅಂಚು ನಾನೇ ತಿಂತೀನಿ."