ಕೆಂಪು ಬಳೆಚೂರು ಮಲಯಾಕ್ಕೆ ಹೊರಟಿದ್ದು

"ಬಾವ, ನಾನು ಮಲಯಾ ದೇಶಕ್ಕೆ ಹೋಗ್ತಿದೀನಿ. ದಾರಿ ನೀನೇ ಹಾಕ್ಕೊಡ್ಬೇಕು."

ಗಂಗರತ್ನ ಇಷ್ಟು ಹೇಳಿ ಸಾರಿನ ಪಾತ್ರೆಯನ್ನು ಪಿಳ್ಳಪ್ಪನ ಕಡೆ ಸರಿಸಿದಳು. ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದು ಎಂದು ಹುಟ್ಟಿದಾಗಿನಿಂದ ಗೊತ್ತಿದ್ದ ಮನುಷ್ಯ, ಆವತ್ತು ಅದನ್ನು ಅಗಿಯುತ್ತಾ ಕೂತುಬಿಟ್ಟ.

ಅದು ಅರವತ್ತೊಂದನೇ ಇಸವಿ. ಯಶವಂತಪುರದಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದ ಪಿಳ್ಳಪ್ಪ ಭಾನುವಾರದ ಊಟಕ್ಕೆ ಹೆಬ್ಬಾಳದ ಅತ್ತೆ ಮುನಿಗಂಗಮ್ಮನ ಮನೆಗೆ ಬರುವುದು ವಾಡಿಕೆ. ಅತ್ತೆ ಅವನ ಅಪ್ಪನ ತಂಗಿ. ಅತ್ತೆಯ ಮಗಳು ವರಸೆಯಲ್ಲಿ ಅವನಿಗೇ ಆಗಬೇಕಾದವಳು ಎಂದು ನೆಂಟರಿಷ್ಟರೆಲ್ಲ ಹೇಳಿಕೊಂಡೇ ಬಂದಿದ್ದರು. ಊರೆಲ್ಲ ಹೇಳಿದ ಮೇಲೆ ತಾನು ಬೇರೆ ಹೇಳುವುದೇನು ಎಂದು ಪಿಳ್ಳಪ್ಪ ಬಾಯಿ ಬಿಟ್ಟಿರಲಿಲ್ಲ. ಗಂಗರತ್ನ ಕೃಷಿ ಓದಿ, ಹತ್ತಿರದ ಸರ್ಕಾರಿ ನರ್ಸರಿಯಲ್ಲಿ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವ ಕೆಲಸಕ್ಕೆ ಸೇರಿದ್ದಳು. ಅವಳೂ ಏನೂ ಅಂದಿರಲಿಲ್ಲ.

ನರ್ಸರಿಯವರು ಮಲಯಾದಿಂದ ಮ್ಯಾಂಗೋಸ್ಟೀನ್, ರಂಬುಟಾನ್ ಹಣ್ಣಿನ ಗಿಡಗಳನ್ನು ತಂದು ಬೆಳೆಸಬೇಕೆಂದು ಹೊರಟಿದ್ದರು. ಹೋಗುವವರು ನಾಲ್ಕು ಜನ: ಸಾಹೇಬರು ವೆಂಕಟರಾಮಯ್ಯ, ಅವರ ಹೆಂಡತಿ, ಗಂಗರತ್ನ. ನಾಲ್ಕನೆಯವನು ನರ್ಸರಿಯಲ್ಲೇ ಕೆಲಸಕ್ಕಿದ್ದ ಚಂದ್ರಹಾಸ.

ಈ ನಾಲ್ಕನೆಯವನ ಹೆಸರು ಕೇಳಿದ್ದೇ ಪಿಳ್ಳಪ್ಪನಿಗೆ ಸಾರು ಸಪ್ಪೆಯಾಯಿತು. ಆ ಆಸಾಮಿ ಸ್ಕೂಟರಿನಲ್ಲಿ ಬರುತ್ತಿದ್ದ, ಮೋಡವಿದ್ದರೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಹೋದ ವಾರ ನರ್ಸರಿಯ ಬೇಲಿಯಾಚೆಯಿಂದ ಪಿಳ್ಳಪ್ಪ ಕಣ್ಣಾರೆ ನೋಡಿದ್ದ. ಚಂದ್ರಹಾಸ ಸಪೋಟ ಗಿಡದ ಕುಡಿ ಹಿಡಿದು ನಿಂತಿದ್ದ, ಗಂಗರತ್ನ ಕಸಿಗೆ ಬಾಳೆಯ ನಾರು ಸುತ್ತುತ್ತಿದ್ದಳು. ಗಿಡಕ್ಕೆ ಬೇಕಾದ್ದು ಎರಡೇ ಸುತ್ತು, ಅವಳು ಆರು ಸುತ್ತು ಸುತ್ತಿದಳು ಎಂದು ಪಿಳ್ಳಪ್ಪನ ಲೆಕ್ಕ. ಕಸಿಯ ಬಗ್ಗೆ ಅವನಿಗೆ ಏನೇನೂ ತಿಳಿಯದು ಎಂಬುದು ಬೇರೆ ಮಾತು.

ಮುನಿಗಂಗಮ್ಮ ಮಗಳನ್ನು ಕಳಿಸಲು ಒಪ್ಪಿದ್ದು ಒಂದೇ ಮಾತಿನ ಮೇಲೆ. ದಾರಿಯನ್ನು ತನ್ನ ಅಣ್ಣನ ಮಗ ಹಾಕಿಕೊಡಬೇಕು. ರೈಲಿನ ವಿಚಾರದಲ್ಲಿ ಅವನು ಹೇಳಿದ್ದು ಆಕೆಗೆ ದೇವರು ಹೇಳಿದ ಹಾಗೆ.

ಪಿಳ್ಳಪ್ಪ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮಲಯಾ ಬರೆದ. ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಗಯಾಸನ ಮಾವ ಒಂದು ಕಾಲಕ್ಕೆ ಆ ದೇಶದ ರೈಲಿನಲ್ಲೇ ಕೆಲಸ ಮಾಡಿದ್ದವರು. ಟೈಮ್‌ಟೇಬಲ್ಲು ಅವರಿಂದ ಬಂತು. ಮದ್ರಾಸಿನಿಂದ ಹಡಗು ಪೆನಾಂಗಿಗೆ. ಅಲ್ಲಿಂದ ಪಡುವಣ ಸಾಲಿನಲ್ಲಿ ತೈಪಿಂಗ್, ಇಪೋ, ಕೌಲಾಲಂಪುರ. ಇನ್ನೂ ಕೆಳಗೆ ಗೆಮಾಸ್ ಜಂಕ್ಷನ್. ಅಲ್ಲಿಂದ ಇನ್ನೊಂದು ಸಾಲು ಕವಲೊಡೆದು, ಕಾಡು ಸೀಳಿಕೊಂಡು ಮೂಡಣ ಮೂಲೆಯ ಕೋಟಾ ಬಾರು ಊರಿನ ತನಕ ಹೋಗುತ್ತದೆ. ಊರೂರಿಗೆ ನಡೆಸಲು ಚೌಕಾಬಾರದ ಕಾಯಿಗಳನ್ನು ತಂದರು. ಗಂಗರತ್ನಳದು ಕೆಂಪು ಬಳೆಚೂರು. ಚಂದ್ರಹಾಸನಿಗೆ ಪಿಳ್ಳಪ್ಪ ಅಂಗಳದಿಂದ ಒಂದು ಸೊಟ್ಟ ಕಲ್ಲು ಆರಿಸಿ ತಂದ.

"ಇದ್ಯಾಕೆ ಇಷ್ಟು ಸೊಟ್ಟ?" ಎಂದಳು ಅವಳು.

"ಸಿಕ್ಕಿದ್ದು ಇದೇ."

ಅವಳು ಕಲ್ಲನ್ನೂ ಅವನ ಮುಖವನ್ನೂ ನೋಡಿ, ಕೆಳತುಟಿ ಕಚ್ಚಿಕೊಂಡು ಒಳಗೆ ಹೋದಳು.

ಯಶವಂತಪುರದ್ದು ಒಂಟಿ ಹಳಿ. ಮುಂದಿನ ಸ್ಟೇಷನ್ನಿನವರೆಗೆ ಒಂದು ಗಾಡಿ ಹಳಿಯ ಮೇಲಿದ್ದರೆ ಇನ್ನೊಂದನ್ನು ಬಿಡುವ ಹಾಗಿಲ್ಲ; ಲೈನ್ ಕ್ಲಿಯರ್ ಆಗುವ ತನಕ ಅದು ನಿಂತಲ್ಲೇ ನಿಂತಿರಬೇಕು. ಈ ಒಂದೇ ಕಾನೂನನ್ನು ತಿಂದು ಕುಡಿದು ಬೆಳೆದಿದ್ದ ಪಿಳ್ಳಪ್ಪ ಮಲಯಾವನ್ನೂ ಒಂಟಿ ಹಳಿ ಮಾಡಿಬಿಟ್ಟ. ಕೆಂಪು ಬಳೆಚೂರು ಸಾಹೇಬರ ಜೊತೆ ತೈಪಿಂಗಿನಲ್ಲಿ ಇಳಿಯಿತು. ಸೊಟ್ಟ ಕಲ್ಲು ಎಲ್ಲೂ ಇಳಿಯದೆ ನೇರ ಗೆಮಾಸಿಗೆ ಹೋಗಿ, ಕಾಡು ಹೊಕ್ಕಿತು. ಅದು ಹಿಂದಿರುಗುವ ಹೊತ್ತಿಗೆ ಬಳೆಚೂರು ಬೇರೆ ಊರು ಸೇರಿತ್ತು. ಹಡಗನ್ನು ಮಾತ್ರ ಎರಡು ಮಾಡಲು ಅವನ ಕೈಯಲ್ಲಿ ಆಗಲಿಲ್ಲ. ಆ ಸಮುದ್ರದ ಮೇಲೆ ಬಳೆಚೂರಿಗೂ ಕಲ್ಲಿಗೂ ನಡುವೆ ಸಾಹೇಬರ ಕಾಯಿ ತಂದಿಟ್ಟ.

ಕಾಗದಕ್ಕೆ ಇಳಿಸಿದ ಏರ್ಪಾಟನ್ನು ಗಯಾಸ್ ಸ್ಟೇಷನ್ನಿನಲ್ಲಿ ನೋಡಿ ಮೀಸೆಯಲ್ಲೇ ನಕ್ಕ.

"ಇದು ಟೂರ್ ಪ್ರೋಗ್ರಾಂ ಅಲ್ಲ ಗುರು, ಎರಡು ಗಾಡಿ ಒಂದಕ್ಕೊಂದು ಸಿಗದ ಹಾಗೆ ಮಾಡೋ ಕ್ರಾಸಿಂಗು. ಆ ಹುಡುಗನ್ನ ಪಕ್ಕದ ಲೂಪ್ ಲೈನಿಗೆ ಹಾಕಿ ಬೀಗ ಜಡಿದಿದೀಯಲ್ಲ."

ಹೆಚ್ಚು ಗಿಡ ಸಿಗಲಿ ಅಂತ ಮಾಡಿದ್ದು, ಬೇರೇನಿಲ್ಲ ಎಂದು ಪಿಳ್ಳಪ್ಪ ಕೇಳದಿದ್ದ ಪ್ರಶ್ನೆಗೂ ಉತ್ತರ ಕೊಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ನರ್ಸರಿಯಲ್ಲಿ ಏರ್ಪಾಟಿಗೆ ಭಾರಿ ಮೆಚ್ಚುಗೆ ಸಿಕ್ಕಿತು. ಅಲ್ಲೇ ಎಡವಟ್ಟಾಗಿದ್ದು. ಎರಡು ದಾರಿಯೆಂದರೆ ಎರಡರಷ್ಟು ಗಿಡ, ಅದರಲ್ಲೂ ಕಾಡಿನ ಹಣ್ಣೇ ಮುಖ್ಯ ಎಂದು ವೆಂಕಟರಾಮಯ್ಯನವರು ತಾವೂ ಚಂದ್ರಹಾಸನ ಜೊತೆ ಕಾಡಿನ ದಾರಿ ಹಿಡಿಯುವುದಾಗಿ ಹೇಳಿದರು. ಅವರು ಹೋದ ಕಡೆ ಅವರ ಹೆಂಡತಿ. ಪಡುವಣ ಸಾಲಿನಲ್ಲಿ ಉಳಿದವಳು ಗಂಗರತ್ನ ಒಬ್ಬಳೇ.

ಮುನಿಗಂಗಮ್ಮ ಒಂದೇ ಮಾತಿಗೆ ಮುಗಿಸಿದಳು. "ಕಾಣದ ದೇಸದಾಗೆ ಎಣ್ಣೆಂಗ್ಸು ಒಬ್ಳೇ ಓಗೋದಾ? ಬ್ಯಾಡ. ಇಂಗೆ ದಾರಿ ಇರೋದಾದ್ರೆ ಅವ್ರೇ ಓಗ್ಬರ್ಲಿ."

ಪಿಳ್ಳಪ್ಪನ ಹೊಟ್ಟೆಕಿಚ್ಚು ಬೇಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಈಗ ಹಡಗೂ ಇಲ್ಲ, ಸಮುದ್ರವೂ ಇಲ್ಲ. ಸಂತೋಷಪಡೋಣವೆಂದು ಅವನು ಮುಂದಿನ ಭಾನುವಾರ ಬಂದರೆ ಗಂಗರತ್ನ ಮನೆಯಲ್ಲಿರಲಿಲ್ಲ.

ನರ್ಸರಿಯಲ್ಲಿ ಸಿಕ್ಕಳು. ಬರುವ ಗಿಡಗಳಿಗೆಂದು ಅವಳು ಬಿದಿರ ಬುಟ್ಟಿಗಳನ್ನು ತಾನೇ ಹೆಣೆಸಿ, ಕೆಮ್ಮಣ್ಣು ಗೊಬ್ಬರ ತುಂಬಿ, ನೆರಳಲ್ಲಿ ಸಾಲಾಗಿ ಇಟ್ಟಿದ್ದಳು. ಈಗ ಒಂದೊಂದನ್ನೇ ಬಗ್ಗಿಸಿ ಮಣ್ಣು ಸುರಿಯುತ್ತಿದ್ದಳು. ಅವನನ್ನು ಕಂಡು ಅಳಲಿಲ್ಲ, ಬೈಯಲಿಲ್ಲ. ಊಟ ಆಯ್ತಾ ಬಾವ ಎಂದು ಕೇಳಿ ಮುಂದಿನ ಬುಟ್ಟಿಗೆ ಕೈ ಹಾಕಿದಳು. ಪಿಳ್ಳಪ್ಪನಿಗೆ ತಡೆಯಲಾಗಲಿಲ್ಲ. ಇಷ್ಟು ನೋವು ಅವನಿಗೆ ಚಂದ್ರಹಾಸನ ಕಪ್ಪು ಕನ್ನಡಕದಿಂದಲೂ ಆಗಿರಲಿಲ್ಲ. ಅವಳ ಕೈಯಿಂದ ಬುಟ್ಟಿ ಕಿತ್ತು ಪಕ್ಕಕ್ಕಿಟ್ಟು, ಮನೆಗೆ ಬಾ ಎಂದ.

ಜಗಲಿಯ ಮೇಲೆ ಸುಣ್ಣದ ಮಲಯಾ ಅರ್ಧ ಅಳಿಸಿತ್ತು. ಅದನ್ನು ಮತ್ತೆ ತಿದ್ದಿ ಅವನು ಅತ್ತೆಯನ್ನು ಕರೆದ.

"ಅತ್ತೆ, ನಾಲ್ಕೂ ಜನ ಕೊನೇವರ್ಗೂ ಒಟ್ಟಿಗೇ ಹೋಗ್ಬಹುದು. ಬೇರೆ ಮಾಡಿದ್ದು ನಾನು, ಬೇಕೂಂತ. ಆ ಚಂದ್ರಹಾಸ ಇವಳ ಜೊತೆ ಇರ್ತಾನೆ ಅಂತ ನನಗೆ ಹೊಟ್ಟೆಕಿಚ್ಚು. ನನ್ನ ತಪ್ಪಿಗೆ ಇವಳನ್ನ ತಡೀಬೇಡಿ."

ಹೇಳುತ್ತಲೇ ಸೊಟ್ಟ ಕಲ್ಲನ್ನು ಕಾಡಿನಿಂದ ಎತ್ತಿ ತೈಪಿಂಗಿನಲ್ಲಿ ಬಳೆಚೂರಿನ ಪಕ್ಕ ಇಟ್ಟ. ಎರಡನ್ನೂ ಇಪೋಗೆ ನಡೆಸಿದ, ಕೌಲಾಲಂಪುರಕ್ಕೆ ನಡೆಸಿದ. ಗೆಮಾಸಿನಲ್ಲೂ ಬೇರೆ ಮಾಡಲಿಲ್ಲ.

ಮುನಿಗಂಗಮ್ಮ ಅಣ್ಣನ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಇದನ್ನು ಬಾಯಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ, ಇದಕ್ಕೆ ಒಂದು ದೇಶವನ್ನೇ ಎರಡು ಮಾಡಬೇಕಿತ್ತೇ ಎಂದು ಗೊಣಗಿ, ಹೋಗಿ ಬರಲಿ ಎಂದು ಹೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ನಡೆದಳು.

"ಸೊಟ್ಟ ಕಲ್ಲು ತಂದಾಗ್ಲೇ ನನಗೆ ಗೊತ್ತಾಯ್ತು," ಎಂದಳು ಗಂಗರತ್ನ. "ಇವತ್ತು ಸಾಯಂಕಾಲದವರೆಗೆ ನೋಡೋಣ, ನೀನು ಹೇಳ್ದಿದ್ರೆ ನಾನೇ ಅಮ್ಮನಿಗೆ ಹೇಳೋಣ ಅಂತಿದ್ದೆ."

"ಮತ್ತೆ ಬುಟ್ಟಿ ಯಾಕೆ ಖಾಲಿ ಮಾಡ್ತಿದ್ದೆ?"

"ಸಿಟ್ಟಿಗೆ." ಅವಳ ಕಣ್ಣು ಈಗ ತುಂಬಿತು. "ಊರೆಲ್ಲ ವರಸೆ ವರಸೆ ಅಂತು. ಹೇಳ್ಬೇಕಾದೋನು ನೀನು, ನಿನಗೆ ಮಾತೇ ಬರ್ಲಿಲ್ಲ. ಚಂದ್ರಹಾಸ ಅವರು ಹೋದ ತಿಂಗಳೇ ಕೇಳಿದ್ರು, ನನ್ನ ಮದುವೆ ಆಗ್ತೀಯಾ ಅಂತ."

ಪಿಳ್ಳಪ್ಪ ಸೀಮೆಸುಣ್ಣ ಕೆಳಗಿಟ್ಟ. "ನೀನೇನಂದೆ?"

"ಬಾವ ಇದಾನೆ ಅಂದೆ."

ಪಿಳ್ಳಪ್ಪ ಆ ಸೊಟ್ಟ ಕಲ್ಲನ್ನು ನೋಡಿದ. ಸ್ವಲ್ಪ ಹೊತ್ತು ಕನಿಕರವೂ ಬಂತು.

"ಅಂಥೋನ ಜೊತೆ ನಿನ್ನ ಹಡಗಲ್ಲಿ ಕಳಿಸ್ಬೇಕಾ?"

"ಕಳಿಸ್ಬೇಕು," ಎಂದಳು. ಆಮೇಲೆ ಸುಣ್ಣದ ಗೆರೆಯ ಮೇಲೆ ಬೆರಳಾಡಿಸುತ್ತಾ, "ಹೋಗೋ ದಾರಿ ಎಲ್ಲಾ ಬರ್ದಿದೀಯ. ಬರೋ ದಾರಿ ಎಲ್ಲಿ?"

ಇಬ್ಬರನ್ನು ದೂರವಿಡುವ ಭರದಲ್ಲಿ ಸ್ಟೇಷನ್ ಮಾಸ್ಟರು ವಾಪಸು ಗಾಡಿಯನ್ನೇ ಮರೆತಿದ್ದ. ಸೀಮೆಸುಣ್ಣ ಹಿಡಿದು ಪೆನಾಂಗಿನಿಂದ ಸಮುದ್ರ ದಾಟಿ ಮದ್ರಾಸು, ಅಲ್ಲಿಂದ ಕಂಟೋನ್ಮೆಂಟ್ ಸ್ಟೇಷನ್, ಅಲ್ಲಿಂದ ಹೆಬ್ಬಾಳ ಎಂದು ಗೆರೆ ಎಳೆದು ನಿಲ್ಲಿಸಿದ.

"ಅಷ್ಟೇನಾ?" ಎಂದಳು ಅವಳು, ಮುಖ ಎತ್ತದೆ.

ಅವನು ಗೆರೆಯನ್ನು ಇನ್ನೂ ಪಡುವಣಕ್ಕೆ ಎಳೆದ. ಜಗಲಿಯ ಅಂಚಿನಲ್ಲಿ ಒಂದು ಪುಟ್ಟ ಚೌಕ ಬರೆದು, ಯಶವಂತಪುರದ ರೈಲ್ವೆ ಕ್ವಾರ್ಟರ್ಸು, ಬರ್ತೀಯಾ ಎಂದು ಕೇಳಿದ. ಗಂಗರತ್ನ ಕೆಂಪು ಬಳೆಚೂರನ್ನು ಎತ್ತಿ, ದಾರಿಯುದ್ದಕ್ಕೂ ಒಂದೊಂದೇ ಊರಿನಲ್ಲಿ ಇಳಿಸಿ ಹತ್ತಿಸಿ, ಕೊನೆಗೆ ಆ ಚೌಕದೊಳಗೆ ಕೂರಿಸಿದಳು.

ಜೊತೆಗೇ ನಡೆಸಿಕೊಂಡು ಬಂದ ಸೊಟ್ಟ ಕಲ್ಲನ್ನು ಅವಳು ಕಂಟೋನ್ಮೆಂಟಿನಲ್ಲೇ ಬಿಟ್ಟಿದ್ದಳು.

"ಕಂಟೋನ್ಮೆಂಟಿಗೆ ನೀನೇ ಬರ್ಬೇಕು," ಎಂದಳು. "ಮೊದ್ಲು ಅವರಿಗೊಂದು ಜಟಕಾ ಮಾಡ್ಕೊಟ್ಟು, ಆಮೇಲೆ ನನ್ನ ಕರ್ಕೊಂಡ್ ಹೋಗು."

"ಜಟಕಾ ಯಾಕೆ," ಎಂದ ಪಿಳ್ಳಪ್ಪ, "ಟ್ಯಾಕ್ಸಿನೇ ಮಾಡ್ಕೊಡ್ತೀನಿ. ಬೇಗ ಹೋಗ್ತಾರೆ."