ಮೂರನೆಯ ಹೋಳಿಗೆ

ಗುರುಶಾಂತಪ್ಪನವರ ಯಂತ್ರದ ಬಲಗೈ ಹೋಳಿಗೆಯನ್ನು ಹರಿಯದಂತೆ ಎತ್ತಿ ಬೀಗರ ಎಲೆಗೆ ಇಳಿಸಿದಾಗ ಪಂಕ್ತಿಯವರೆಲ್ಲ ಹುಬ್ಬೇರಿಸಿದರು. ಮೂಲೆಯಲ್ಲಿ ಉಣ್ಣುತ್ತಿದ್ದ ಡಾ. ಇಂದುಮತಿಗೆ ಒಳಗೊಳಗೇ ಹಿಗ್ಗು. ಪಕ್ಕದ ಮನೆಯ ಈ ಹಿರಿಯರಿಗೆ ಆ ಕೈ ಮಾಡಿಕೊಟ್ಟವಳು ಅವಳೇ. ಇವತ್ತು ಅವರ ಮಗಳು ನೀಲಾಂಬಿಕೆಯ ನಿಶ್ಚಿತಾರ್ಥ.

"ಈ ಕೈಗೆ ಬುದ್ಧಿ ಎಲ್ಲಿಂದ ಬರತದವ್ವಾ?" ಎಂದು ಪಕ್ಕದಲ್ಲಿದ್ದ ವರನ ಅಜ್ಜಿ ಕೇಳಿದಳು.

"ಮೊಸರು ಕೆಟ್ಟರ ಏನ ಮಾಡತೀರಿ ಅಜ್ಜಿ?"

"ಬಾಜೂ ಮನಿಯಿಂದ ಹೆಪ್ಪ ತರತೀವಿ."

"ಇದೂ ಹಂಗರೀ."

ಹಿಡಿಯುವ, ಎತ್ತುವ, ಕೊಡುವ ಕೆಲಸದ ಕಂಪ್ಯೂಟರ್ ಕೋಡನ್ನು ಯಂತ್ರಯಂತ್ರಕ್ಕೂ ಹೊಸದಾಗಿ ಬರೆಯುವುದೇಕೆಂದು ಇಂದುಮತಿಯ ಪ್ರಯೋಗಾಲಯ ಅದನ್ನು ಬೇರೆ ತೆಗೆದು 'ಹೆಪ್ಪು-ಸಂಕೇತ' ಎಂದು ಹೆಸರಿಟ್ಟಿತ್ತು. ಅದಕ್ಕೆ ಒಂದೇ ದೊಡ್ಡ ಗಡಿಗೆಯಿಲ್ಲ. ಕೃತಕ ಕೈ, ಹೂ ಕಟ್ಟುವ ಯಂತ್ರ, ಹಾಸ್ಟೆಲಿನ ಬಡಿಸುವ ಯಂತ್ರ, ಎಲ್ಲದರ ಬಳಿಯೂ ಹಳೆಯ ತಿದ್ದುಪಡಿಗಳ ಸಮೇತ ಪೂರ್ತಿ ಪ್ರತಿ ಇರುತ್ತಿತ್ತು. ಒಂದರಲ್ಲಿ ಹೆಪ್ಪು ತಿದ್ದಿದರೆ ಉಳಿದವು ಬೆಳಗ್ಗೆ ತಾವಾಗಿ ಕೇಳಿ ಪಡೆಯುತ್ತಿದ್ದವು. ಆಯಾ ಯಂತ್ರದ ಸ್ವಂತ ಚಾಳಿ ಮಾತ್ರ ಅದರದೇ ನೆನಪಿನ ಕಪಾಟಿನಲ್ಲಿರಬೇಕು, ಹೆಪ್ಪಿಗೆ ಬೆರೆಸಬಾರದು. ಈ ನಿಯಮ ಮಾಡಿದವಳೂ ಇಂದುಮತಿಯೇ.

"ಇನ್ನೊಂದ ಹಾಕಸ್ಕೊಳ್ರಿ ಬೀಗರ!" ಎಂದರು ಗುರುಶಾಂತಪ್ಪ, ಎಲೆಯಲ್ಲಿ ಎರಡನೆಯದೂ ಮುಗಿದದ್ದು ಕಂಡು.

"ಬ್ಯಾಡ್ರೀ, ಸಾಕು" ಎಂದು ಬೀಗರು ಎಲೆಗೆ ಕೈ ಅಡ್ಡ ಹಿಡಿದರು. ಬೇಡವೆಂದವರಿಗೇ ಮೊದಲು ಹಾಕಬೇಕು ಎಂಬುದು ಇಬ್ಬರಿಗೂ ಗೊತ್ತು. ಯಂತ್ರದ ಕೈ ಮೂರನೆಯ ಹೋಳಿಗೆ ಎತ್ತಿತು, ಎಲೆಯವರೆಗೂ ಬಂತು, ನಿಂತಿತು, ಮತ್ತೆ ಹೋಳಿಗೆ ತುಂಬಿದ ಪರಾತಕ್ಕೇ ಮರಳಿತು. ಗುರುಶಾಂತಪ್ಪ ಇನ್ನೊಮ್ಮೆ ಚಾಚಿದರು. ಮತ್ತೆ ಅದೇ. ಅಷ್ಟರಲ್ಲಿ ಬೀಗರು ಅಡ್ಡ ಹಿಡಿದ ಕೈ ತೆಗೆದು ಕಾಯುತ್ತ ಕುಳಿತಿದ್ದರು.

"ಕೊಡೋ ಮನಸಿಲ್ಲ ಅಂದ್ರ ಕರಿಯೂದ್ಯಾಕ?" ಎಂದು ಯಾರೋ ಗೊಣಗಿದರು. ಎಡಗೈಯಲ್ಲಿ ಬಡಿಸಿದರೆ ಇನ್ನೂ ದೊಡ್ಡ ಅಪಮಾನ. ಹಿರಿಯರ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನೀಲಾಂಬಿಕೆ ಕಣ್ಣೊರೆಸಿಕೊಂಡಳು.

ಇಂದುಮತಿ ಎತ್ತಿದ ತುತ್ತನ್ನು ಎಲೆಗೇ ಇಳಿಸಿದಳು. ಎರಡು ಸಲ ಬಡಿಸಿದ ಮೇಲೆ ಕೈ ಹಿಂದೆ: ಆರು ತಿಂಗಳ ಹಿಂದೆ ಮ್ಯಾನೇಜರು ಕೇಳಿದರೆಂದು ಹಾಸ್ಟೆಲಿನ ಯಂತ್ರಕ್ಕೆ ಅವಳು ಬರೆದುಕೊಟ್ಟ ಸಾಲು ಅದು. ನಿನ್ನೆ ಆ ಯಂತ್ರದ ಕಪಾಟು ಒಪ್ಪ ಮಾಡುವ ಭರದಲ್ಲಿ ಅದನ್ನು ಹೆಪ್ಪಿಗೆ ಸೇರಿಸಿಬಿಟ್ಟಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಉಣ್ಣಬೇಕಾಗಿ ಬಂದದ್ದು, ಪಾಪ, ಗುರುಶಾಂತಪ್ಪನವರಿಗೆ.

ಅವಳು ಎಲೆ ಬಿಟ್ಟು ಎದ್ದಳು. "ತಪ್ಪು ಕಾಕಾಂದಲ್ರೀ, ನಂದು." ನಾಚಿಕೆಯಿಂದ ಕಿವಿ ಕೆಂಪಾಗಿ, ತೊದಲುತ್ತ ಎಲ್ಲವನ್ನೂ ಹೇಳಿದಳು.

ಅಜ್ಜಿ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಹಂಗಾರ ಆ ಹಾಸ್ಟೆಲ್ ಹುಡುಗರಿಗೆ, ಎರಡಾದಮ್ಯಾಲ ಇಲ್ಲ ಅಂತ ಬರಕೊಟ್ಟಿದ್ದೇನವ್ವಾ?"

ಇಂದುಮತಿ ಫೋನು ತೆಗೆದು, ಆ ಸಾಲನ್ನು ಗುರುಶಾಂತಪ್ಪನವರ ಕೈಯಿಂದಲೇ ನೇರವಾಗಿ ಅಳಿಸಿ ತಿದ್ದುಪಡಿಯನ್ನು ಹೆಪ್ಪಿಗೆ ಕಳಿಸಿದಳು. ಮರುಕ್ಷಣ ಬೀಗರ ಎಲೆಗೆ ಮೂರನೆಯದು ಬಿತ್ತು, ನಾಲ್ಕನೆಯದೂ ಬಿತ್ತು. "ಖರೇನ ಸಾಕ್ರೀ!" ಎಂದು ಅವರು ಕೂಗಿದಾಗ ಪಂಕ್ತಿ ನಕ್ಕಿತು. ಅವಸರದಲ್ಲಿ ಆ ಕೈಯ ಸ್ವಂತ ಕಪಾಟೂ ಹೆಪ್ಪಿಗೆ ಸೇರಿಹೋದದ್ದನ್ನು ಅವಳು ನೋಡಲಿಲ್ಲ.

ಮರುದಿನ ಹಾಸ್ಟೆಲಿನ ಮ್ಯಾನೇಜರ ಫೋನು. "ಯಂತ್ರ ಕೆಟ್ಟದರೀ ಮೇಡಂ! ಬ್ಯಾಡ ಅಂದವರಿಗೂ ಹಾಕತದ, ಹುಡುಗರನ್ನ ಏಳಾಕ ಬಿಡವಲ್ದು. ಹುಡುಗರು ನಕ್ಕೋತ ಉಣ್ಣಾಕತ್ತಾರ. ಲಗೂನ ಮೊದಲಿನಂಗ ಮಾಡ್ರಿ."

ಗುರುಶಾಂತಪ್ಪನವರಿಂದ ಕೈ ಕಲಿತು, ಹೆಪ್ಪಿನ ಜೊತೆ ಅಲ್ಲಿಗೂ ಹೋಗಿದ್ದ ಒತ್ತಾಯವದು. ಹಿಂದಿನ ಪ್ರತಿಗೆ ಮರಳಿಸಲು ಒಂದು ಬೆರಳು ಒತ್ತಿದರೆ ಸಾಕಿತ್ತು.

"ಈಗ ಕೆಟ್ಟಿಲ್ರೀ," ಎಂದಳು ಇಂದುಮತಿ, "ಮೊದಲ ಕೆಟ್ಟಿತ್ತು."

ಫೋನು ಇಟ್ಟ ಮೇಲೂ ನಾಚಿಕೆ ಹೋಗಲಿಲ್ಲ. ಬೀಗರ ಎಲೆಯ ಮುಂದೆ ಒಂದು ಕೈ ಹಿಂದೆ ಸರಿದದ್ದನ್ನು ಊರೇ ಕಂಡಿತ್ತು; ಹಾಸ್ಟೆಲಿನ ಯಂತ್ರದ ಕೈ ಮಕ್ಕಳ ತಟ್ಟೆಯ ಮುಂದೆ ಆರು ತಿಂಗಳು ಹಾಗೇ ಸರಿದಿತ್ತು. ಅವಳು ಒಂದು ದಿನವೂ ಹೋಗಿ ನೋಡಿರಲಿಲ್ಲ.