ಈ ಶನಿವಾರ ಗುರುವಾರ

ಶನಿವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ನಾನು ಏದುಸಿರು ಬಿಡುತ್ತ ಹದಿನಾಲ್ಕನೇ ನಂಬರಿನ ಕೋಣೆಗೆ ನುಗ್ಗಿದಾಗ ಒಳಗೆ ಇದ್ದದ್ದು ಖಾಲಿ ಬೆಂಚುಗಳು ಮತ್ತು ವೆಂಕಟ್ರಮಣ.

ಅವನು ನಮ್ಮ ಬಿ.ಎ. ಅಂತಿಮ ವರ್ಷದ ಕ್ಲಾಸ್ ರೆಪ್ರೆಸೆಂಟೇಟಿವ್. ಸಿದ್ದಾಪುರದ ಕಡೆಯವನು. ಉದ್ದ ಕೈಕಾಲಿನ, ಮೆತ್ತಗೆ ಮಾತಾಡುವ ಮನುಷ್ಯ. ನನ್ನನ್ನು ಕಂಡವನೇ ಎದ್ದು ನಿಂತ. ತಪ್ಪು ಮಾಡಿದವರು ಮಾತ್ರ ಹಾಗೆ ಎದ್ದು ನಿಲ್ಲುತ್ತಾರೆ.

ಸ್ಟ್ಯಾಟಿಸ್ಟಿಕ್ಸ್ ಕ್ಲಾಸು ಎಲ್ಲಿ ಎಂದು ಕೇಳಿದೆ. ಎರಡು ಗಂಟೆಗೇ ಆಗಿಹೋಯಿತು ಎಂದ. ಮೇಡಂ ಒಳಗೆ ಬಂದ ಮೇಲೇ ಅವನಿಗೂ ಗೊತ್ತಾಯಿತಂತೆ. ಕ್ಲಾಸು ಬಿಟ್ಟ ತಕ್ಷಣ ನನಗೆ ಐದು ಸಲ ಫೋನು ಮಾಡಿದನಂತೆ. ಬನವಾಸಿಯಿಂದ ಶಿರಸಿಗೆ ಬರುವ ದಾರಿಯಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಾನು ಅವನಿಗೆ ವಿವರಿಸಲು ಹೋಗಲಿಲ್ಲ. ಫೋನು ತೆಗೆದು ಅವನೇ ತಯಾರಿಸಿದ ಚಾರ್ಟನ್ನು ಅವನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದೆ.

"ಓದು. ಏನ್ ಬರದೀ?"

"ಈ ಶನಿವಾರ ಗುರುವಾರ," ಎಂದು ಓದಿದ.

ಹೊರಗಿನವರು ಕೇಳಿದರೆ ನಮಗೆ ತಲೆ ಕೆಟ್ಟಿದೆ ಅಂದಾರು. ಆದರೆ ನಮ್ಮ ಕಡೆ ಇದು ಪ್ರತಿವರ್ಷದ ಗೋಳು. ಜುಲೈಯಲ್ಲಿ ಮಳೆ ಜೋರಾದರೆ ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಆದೇಶ ಬರುತ್ತದೆ. ಇವತ್ತು ಶಿರಸಿ ತಾಲ್ಲೂಕಿಗೆ ರಜೆ, ನಾಳೆ ಸಿದ್ದಾಪುರ, ಯಲ್ಲಾಪುರಕ್ಕೆ ಮಾತ್ರ, ನಾಡಿದ್ದು ಮೂರಕ್ಕೂ. ಹಾಗೆ ಹೋದ ದಿನಗಳನ್ನು ಕಾಲೇಜಿನವರು ನವೆಂಬರಿನ ಶನಿವಾರ, ಭಾನುವಾರಗಳಲ್ಲಿ ತುಂಬಿಕೊಡುತ್ತಾರೆ. ಮಂಗಳವಾರ ಹೋಗಿದ್ದರೆ ಶನಿವಾರ ಮಧ್ಯಾಹ್ನ ಮಂಗಳವಾರದ ಟೈಮ್‌ಟೇಬಲ್ ನಡೆಯುತ್ತದೆ. ನೋಟೀಸ್ ಬೋರ್ಡಿನಲ್ಲಿ "ರಜೆಯ ಪಾಠಗಳನ್ನು ಕ್ರಮವಾಗಿ ತುಂಬಿಕೊಡಲಾಗುವುದು" ಎಂದು ಒಂದೇ ಸಾಲು ಹಚ್ಚಿದ್ದರು. ಯಾವ್ಯಾವ ದಿನ ರಜೆ ಇತ್ತು ಎಂದು ನವೆಂಬರಿನಲ್ಲಿ ಯಾರಿಗೆ ನೆನಪಿರುತ್ತದೆ? ಅದಕ್ಕೇ ವೆಂಕಟ್ರಮಣ ಚಾರ್ಟು ಮಾಡಿ ಗ್ರೂಪಿಗೆ ಹಾಕಿದ್ದ. ಬಣ್ಣಬಣ್ಣದ ಚೌಕಗಳು, ಕೋಣೆಯ ನಂಬರು, ಮೇಡಂ ಹೆಸರು, ಎಲ್ಲ ಇತ್ತು. ದಿನ ಮಾತ್ರ ಸರಿ ಇರಲಿಲ್ಲ.

ಗುರುವಾರ ಸ್ಟ್ಯಾಟಿಸ್ಟಿಕ್ಸ್ ಕೊನೆಯ ಪೀರಿಯಡ್ಡಿಗೆ. ಶುಕ್ರವಾರ ಮೊದಲನೆಯದಕ್ಕೆ. ಇವತ್ತು ನಿಜಕ್ಕೂ ನಡೆದದ್ದು ಶುಕ್ರವಾರ. ಶಿರಸಿ ಪೇಟೆಯಲ್ಲೋ ಪಕ್ಕದ ಇಸಳೂರಲ್ಲೋ ಇರುವ ಹುಡುಗರು ಸುಮ್ಮನೆ ಬಂದು ಕೋಣೆಯೊಳಗೆ ಇಣುಕುತ್ತಾರೆ, ಕ್ಲಾಸಿದ್ದರೆ ಕೂರುತ್ತಾರೆ. ನಾನು ಇಣುಕಬೇಕಾದರೆ ಇಪ್ಪತ್ತೆರಡು ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕು.

ಇದು ಆ ಪೇಪರಿನ ಕೊನೆಯ ಕ್ಲಾಸಾಗಿತ್ತು. ಹಾಲ್ ಟಿಕೆಟ್ ಸಿಗಬೇಕಾದರೆ ಅರವತ್ತರಲ್ಲಿ ನಲವತ್ತೈದು ಹಾಜರಿ ಬೇಕು. ನನ್ನದು ನಲವತ್ತನಾಲ್ಕಕ್ಕೆ ನಿಂತಿತು. ಪರೀಕ್ಷೆಗೆ ಕೂರದಿದ್ದರೆ ಒಂದು ವರ್ಷ ಮಣ್ಣುಪಾಲು, ಬಿ.ಎಡ್. ಸೇರುವ ಮಾತೂ ಮುಂದಕ್ಕೆ. ಇಷ್ಟನ್ನೂ ನಾನು ಉಸಿರು ಬಿಡದೆ ಅವನಿಗೆ ಹೇಳಿದೆ. ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿಯೇ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆ ತಗ್ಗಿದ ತಲೆಯ ಮೇಲೆ ಒಂದು ಕೂದಲ ಎಳೆ ಯಾವಾಗಲೂ ನೆಟ್ಟಗೆ ನಿಂತಿರುತ್ತದೆ. ಎರಡು ವರ್ಷದಿಂದ ಅದನ್ನು ಒತ್ತಿ ಕೂರಿಸಬೇಕೆಂದು ನನ್ನ ಬೆರಳು ತುರಿಸುತ್ತಿದೆ. ಅಂಥ ಸಿಟ್ಟಿನಲ್ಲೂ ಕಣ್ಣು ಅಲ್ಲಿಗೇ ಹೋಯಿತು, ನನ್ನ ಮೇಲೆ ನನಗೇ ರೇಗಿತು.

ಮಳೆ ರಜೆ ಸಿಕ್ಕಿದ್ದು ಮೂರು ದಿನ, ನಿನ್ನ ಚಾರ್ಟಿನಲ್ಲಿ ನಾಲ್ಕು ಹೇಗೆ ಬಂತು ಎಂದು ಕೇಳಿದೆ.

"ಹದಿನೆಂಟನೇ ತಾರೀಕು ಗುರುವಾರ ರಜೆ ಇತ್ತಲ ಮಾರಾಯ್ತಿ," ಎಂದ. "ನಾ ಮನೇಲೇ ಇದ್ದೆ."

"ಅದು ಸಿದ್ದಾಪುರಕ್ಕ. ಶಿರಸಿಗೆ ಇರಲಿಲ್ಲ. ಕ್ಲಾಸು ನಡದಿತ್ತು."

ತನಗೂ ಆ ಅನುಮಾನ ಬಂದಿತ್ತು ಎಂದ. ಅದಕ್ಕೇ ಬೋರ್ಡಿನಲ್ಲಿ ಹಚ್ಚಿದ ಸ್ಟ್ಯಾಟಿಸ್ಟಿಕ್ಸಿನ ಜುಲೈ ತಿಂಗಳ ಹಾಜರಿ ಪಟ್ಟಿಯನ್ನು ಹೋಗಿ ನೋಡಿದನಂತೆ. ಶಿರಸಿಯಲ್ಲಿ ಕ್ಲಾಸು ನಡೆದಿದ್ದರೆ ತನಗೆ ಆ ದಿನ ಗೈರುಹಾಜರಿ ಬೀಳಬೇಕಿತ್ತು. ಅದರಲ್ಲಿ ಅವನಿಗೆ ಒಂದೂ ಗೈರುಹಾಜರಿ ಇರಲಿಲ್ಲ. ಹಾಗಾಗಿ ಇಲ್ಲೂ ರಜೆಯೇ ಇದ್ದಿರಬೇಕು ಎಂದು ಚಾರ್ಟಿಗೆ ಹಾಕಿದ.

ನಾನು ಫೋನನ್ನು ಬ್ಯಾಗಿಗೆ ಹಾಕಿಕೊಂಡೆ. ಯಾಕೆಂದರೆ ಆ ಗುರುವಾರ ಸಹಿ ಮಾಡುವ ರಜಿಸ್ಟರ್ ಬೆಂಚಿನಿಂದ ಬೆಂಚಿಗೆ ಬಂದಾಗ, ಅವನ ಹೆಸರಿನ ಮುಂದೆ ಅವನ ಸಹಿ ಮಾಡಿದವಳು ನಾನೇ.

ಅವನು, ಸೋಮವಾರ ಮೇಡಂ ಹತ್ತಿರ ಹೋಗಿ ತಪ್ಪು ನನ್ನದೆಂದು ಹೇಳುತ್ತೇನೆ, ನಿನಗೆ ಹಾಜರಿ ಕೊಡಿಸುತ್ತೇನೆ ಎಂದ. ಬೇಡ ಎಂದೆ. ಯಾಕೆ ಎಂದ. ಸಿಡಿಮಿಡಿಗುಟ್ಟುತ್ತ ಬಸ್ ಸ್ಟ್ಯಾಂಡಿಗೆ ನಡೆದೆ. ಹಾಳು ಚಾರ್ಟು, ಹಾಳು ಮಳೆ, ಎಲ್ಲಕ್ಕಿಂತ ಹಾಳು ನನ್ನ ಬುದ್ಧಿ.

ಸೋಮವಾರ ಅವನು ಸ್ಟಾಫ್ ರೂಮಿಗೆ ಹೋಗುವುದನ್ನು ತಡೆಯಲು ನಾನು ಓಡಿದೆ. ಅಷ್ಟರಲ್ಲಿ ಅವನು ನೂರ್ಜಹಾನ್ ಮೇಡಂ ಮೇಜಿನ ಮುಂದೆ ನಿಂತಾಗಿತ್ತು. ಮೇಡಂ ದಿನಾ ಯಲ್ಲಾಪುರದಿಂದ ಬಂದುಹೋಗುವವರು, ಟೈಮ್‌ಟೇಬಲಿನ ಕಷ್ಟ ಅವರಿಗೂ ಗೊತ್ತು. ಎಲ್ಲ ಕೇಳಿ ರಜಿಸ್ಟರ್ ತೆರೆದರು. ಜುಲೈ ಹದಿನೆಂಟರ ಪುಟ ತಿರುಗಿಸಿ ಅವನ ಕಡೆ ಸರಿಸಿದರು.

"ಆ ದಿನ ಮನೆಯಲ್ಲಿದ್ದೆ ಅಂತೀಯ. ಇಲ್ಲಿ ನಿನ್ನ ಸಹಿ ಇದೆಯಲ್ಲಪ್ಪ."

ವೆಂಕಟ್ರಮಣ ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ. ತನ್ನದೇ ಸಹಿ, ತಾನು ಮಾಡಿಲ್ಲ. ನಿಧಾನಕ್ಕೆ ತಲೆ ಎತ್ತಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ. ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ, ಅವನಿಗೆ ಅರ್ಥವಾಯಿತು. ಮತ್ತೆ ಮೇಡಂ ಕಡೆ ತಿರುಗಿ, ಆ ದಿನ ಬಂದಿದ್ದೆ ಅನ್ನಿಸುತ್ತದೆ, ಮರೆತಿದ್ದೆ ಎಂದು ಹಸಿ ಸುಳ್ಳು ಹೇಳಿದ. ಅವನಿಗೆ ಸುಳ್ಳು ಹೇಳಲೂ ನೆಟ್ಟಗೆ ಬರುವುದಿಲ್ಲ.

ನಾನು ಒಳಗೆ ಹೋದೆ. "ಮೇಡಂ, ಆ ಸಹಿ ನಾನು ಮಾಡಿದ್ದು. ಇವನಿಗೆ ಗೊತ್ತ ಇರಲಿಲ್ಲ."

ಯಾಕೆ ಮಾಡಿದೆ ಎಂದು ಮೇಡಂ ಕೇಳಿದರು. ನಾನು ಕಾಲಿನ ಹೆಬ್ಬೆರಳು ನೋಡಿದೆ. ಅವರು ಇನ್ನೊಮ್ಮೆ ಕೇಳಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಬೈಗುಳದ ಮಳೆಯನ್ನೇ ಸುರಿಸಿದರು. ಇಬ್ಬರಿಂದಲೂ ತಪ್ಪೊಪ್ಪಿಗೆ ಬರೆಸಿಕೊಂಡರು. ಅವನ ಹದಿನೆಂಟರ ಹಾಜರಿಯನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. ಈಗ ಅವನದೂ ನಲವತ್ತನಾಲ್ಕು. ನನ್ನಂಥವಳಿಗೆ ಸಹಾಯ ಮಾಡಲು ಬಂದದ್ದಕ್ಕೆ ಅವನ ವರ್ಷವೂ ಹೋಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಆಮೇಲೆ ಮೇಡಂ, ಬರುವ ಶನಿವಾರ ಎರಡು ಗಂಟೆಗೆ ಇನ್ನೊಂದು ಕ್ಲಾಸು ತೆಗೆದುಕೊಳ್ಳುತ್ತೇನೆ, ಹಾಜರಿ ಕಡಿಮೆ ಇದ್ದವರು ಬರಲಿ ಎಂದರು. ಒಂದು ನಿಮಿಷ ತಡವಾದರೂ ರಜಿಸ್ಟರ್ ಮುಚ್ಚುತ್ತೇನೆ ಎಂದೂ ಹೇಳಿದರು.

ಆ ವಾರವಿಡೀ ನಾನು ವೆಂಕಟ್ರಮಣನ ಕಣ್ಣು ತಪ್ಪಿಸಿ ಓಡಾಡಿದೆ. ಅವನು ಎರಡು ಸಲ ಏನೋ ಹೇಳಲು ಬಂದ, ನಾನು ಎರಡು ಸಲವೂ ಲೈಬ್ರರಿಗೆ ನುಗ್ಗಿದೆ. ಮೂರನೇ ಸಲ ಅವನು ಬರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಶನಿವಾರ ಬನವಾಸಿ ಸ್ಟ್ಯಾಂಡಿನಲ್ಲಿ ಹನ್ನೆರಡೂಮುಕ್ಕಾಲಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಯಾರೋ ಬಂದು ಪಕ್ಕದಲ್ಲಿ ನಿಂತರು. ತಲೆ ಎತ್ತಿ ನೋಡಿದರೆ ಅದೇ ಉದ್ದ ಕೈಕಾಲು, ಅದೇ ನೆಟ್ಟಗೆ ನಿಂತ ಕೂದಲು.

ಬೆಳಿಗ್ಗೆ ಆರೂವರೆಗೆ ಸಿದ್ದಾಪುರ ಬಿಟ್ಟನಂತೆ. ಶಿರಸಿಯಲ್ಲಿ ಇಳಿದು, ಅಲ್ಲಿಂದ ಬನವಾಸಿ ಬಸ್ಸು ಹಿಡಿದು ಇಲ್ಲಿಗೆ ಬಂದು, ಹತ್ತು ಗಂಟೆಯಿಂದ ಸ್ಟ್ಯಾಂಡಿನಲ್ಲೇ ಕಾದು, ಈಗ ಮತ್ತೆ ಶಿರಸಿಗೆ ಹೊರಟಿದ್ದಾನೆ. ಇಂಥವನನ್ನು ಏನು ಮಾಡಬೇಕು?

"ನಿನಗೇನ್ ಬುದ್ಧಿ ಐತೋ ಇಲ್ಲೋ?" ಎಂದೆ. "ಶಿರಸಿಯೊಳಗ ಇದ್ದವ ಅಲ್ಲೇ ಇರೋದಲ್ಲೇನು? ದಾರಿಯಾಗ ಈ ಬಸ್ಸು ಕೆಟ್ಟರ ಇಬ್ಬರದೂ ಹಾಲ್ ಟಿಕೆಟ್ ಹೋಗತೈತಿ."

"ಗೊತ್ತಿದ್ದು," ಎಂದ. ಗಾಬರಿಯಾದಾಗ ಅವನಿಗೆ ಮನೆಮಾತು ಬರುತ್ತದೆ. "ನೀ ಒಬ್ಳೇ ಸಿಕ್ಕಾಕ್ಕಂಡು ನಾ ಪರೀಕ್ಷೆ ಬರೆದ್ರೆ ಎಂತ ಬಂತು."

ನಾನು ಬ್ಯಾಗನ್ನು ಮಡಿಲಿಗೆ ಎತ್ತಿಕೊಂಡೆ. ಅವನು ಕೂತ. ಬಸ್ಸು ಹೊರಟಿತು. ಕಂಡಕ್ಟರ್ ಬಂದು ನನಗೆ ಹೆಂಗಸರ ಉಚಿತ ಟಿಕೆಟ್ಟು, ಅವನಿಗೆ ಮಾಮೂಲಿ ಟಿಕೆಟ್ಟು ಕೊಟ್ಟು ಹೋದ. ಅವನು ಆ ಟಿಕೆಟ್ಟನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಚುತ್ತ ಕೂತ.

"ಆ ಚಾರ್ಟು ನಾ ಕ್ಲಾಸಿಗೆ ಅಂತ ಮಾಡಿದ್ದಲ್ಲ ಗಗನಾ," ಎಂದ. "ಪೇಟೇಲಿ ಇರೋರಿಗೆ ಚಾರ್ಟು ಎಂತಕ್ಕೆ? ನೀ ಅಷ್ಟು ದೂರದಿಂದ ಬಂದು ಖಾಲಿ ಕೋಣೆ ನೋಡಿ ವಾಪಸ್ ಹೋಗೂದು ಬ್ಯಾಡ ಅಂತ ಮಾಡಿದ್ದು. ನಿನ್ನ ಹತ್ರ ಬೇರೆ ಎಂತ ಹೇಳೂಕೂ ನಂಗೆ ಧೈರ್ಯ ಇಲ್ಲೆ."

ಅಂದರೆ ಇಡೀ ಕ್ಲಾಸಿನಲ್ಲಿ ಯಾರಿಗಾಗಿ ಆ ಚಾರ್ಟು ಮಾಡಿದನೋ ಅವಳೊಬ್ಬಳೇ ಅದರಿಂದ ಹಾಳಾದದ್ದು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಎದುರು ಸೀಟಿನ ಅಜ್ಜಿ ತಿರುಗಿ ನೋಡಿದಳು.

"ನೀ ಇಲ್ಲದ ದಿನ ನಿನ್ನ ಹೆಸರಿನ ಮುಂದ ಖಾಲಿ ಬಿಡಾಕ ಮನಸ್ಸು ಬರಲಿಲ್ಲ," ಎಂದೆ. "ಅದಕ್ಕ ಸಹಿ ಮಾಡಿದೆ. ನಿನ್ನ ಸಹಿ ಬರೋತನಕ ನೋಟ್‌ಬುಕ್ಕಿನ ಹಿಂದಿನ ಹಾಳಿ ತುಂಬಿಸಿ ಕಲಿತಿದ್ದೆ. ನಿನ್ನ ಮ್ಯಾಲ ನನಗ ಭಾಳ ಜೀವ ಐತಿ, ಸಾಕೇನು?"

ಅವನ ಕಿವಿ ಕೆಂಪಾದವು. ಟಿಕೆಟ್ಟು ಕೈಯಿಂದ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಯಾವಾಗಿಂದ ಎಂದು ಕೇಳಿದ.

"ಅದಕ್ಕೂ ಟೈಮ್‌ಟೇಬಲ್ ಬೇಕೇನು ನಿನಗ?"

ಬೇಡ ಎಂದು ತಲೆಯಾಡಿಸಿದ. ಮುಂದಿನ ಸೀಟಿನ ಕಂಬಿ ಹಿಡಿದಿದ್ದ ನನ್ನ ಕೈ ಮೇಲೆ ಮೆಲ್ಲಗೆ ಕೈಯಿಟ್ಟ, ಶಿರಸಿ ಬರುವವರೆಗೂ ತೆಗೆಯಲಿಲ್ಲ. ಇಳಿದಾಗ ಎರಡು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಇಬ್ಬರೂ ಓಡಿದೆವು.